ಹೆಬ್ಬೆಟ್ಟನ್ನು ಬಳಸಿದ ಸಾಲು

ನೋಂದಣಿ ಕಚೇರಿಯಲ್ಲಿ ಮೂವತ್ತೊಂದು ವರ್ಷ ಜನರ ಸಹಿ, ಹೆಬ್ಬೆಟ್ಟು ತಾಳೆ ನೋಡಿ ನಿವೃತ್ತರಾದವರು ಅವರು. ಕಚೇರಿಯಲ್ಲಿ ಎಲ್ಲರ ಬಾಯಲ್ಲೂ 'ಭೂತಗನ್ನಡಿ ಮೇಡಂ'. ಬಾಗಿಲಿಗೆ ಹಾಲಿನವನು ಬಂದರೂ ಮೇಲಿಂದ ಕೆಳಗೆ ಒಮ್ಮೆ ಅಳೆದು ನೋಡುವ ಸ್ವಭಾವ. ಅಂಥವರು ಹೆಂಗಸರ ಜೈಲಿನಲ್ಲಿ ಪುಕ್ಕಟೆಯಾಗಿ ಓದುಬರಹ ಕಲಿಸಲು ಹೊರಟಾಗ ತಂಗಿ ನಕ್ಕುಬಿಟ್ಟಳು.

"ಅಲ್ಲಕ್ಕಾ, ನೀನು ನನ್ನನ್ನೇ ನಂಬಲ್ಲ. ಅಲ್ಲಿ ಹೋಗಿ ಏನು ಮಾಡ್ತೀಯಾ?"

"ಮನೇಲಿ ಕೂತು ಕೂತು ಸಾಕಾಗಿದೆ ಕಣೇ."

ಜೈಲಿನಲ್ಲಿ ಅವರನ್ನೂ ಯಾರೂ ನಂಬಲಿಲ್ಲ. ಗೇಟಿನ ಕಾವಲಿನವಳು ಪ್ರತಿ ವಾರ ಚೀಲ ಬುಡಮೇಲು ಮಾಡಿ ನೋಡುತ್ತಿದ್ದಳು. ಈಕೆ ಪೊಲೀಸರ ಕಡೆಯವಳೇ ಇರಬೇಕೆಂದು ಪಾಠಕ್ಕೆ ಬಂದ ಹೆಂಗಸರು ಪಿಸುಗುಟ್ಟಿದರು.

ಅವರಲ್ಲೊಬ್ಬಳು ಹೊಲಿಗೆಯವಳು. ಬಾವನ ಮೇಲೆ ಕುದಿಯುವ ನೀರು ಎರಚಿದಳೆಂದು ಏಳು ವರ್ಷ ಶಿಕ್ಷೆಯಾಗಿತ್ತು. ಅವಳಿಗೆ ಅ, ಆ ಎಂದು ಕ್ರಮವಾಗಿ ಕಲಿಯುವುದು ಬೇಕಿರಲಿಲ್ಲ. ಅಂಗೈಯಲ್ಲಿ ಒಂದೆರಡು ಅಕ್ಷರ ಗೀಚಿಕೊಂಡು ಬಂದು, "ಇದು ಯಾವುದು, ಮೇಡಂ?" ಎನ್ನುವಳು. ಮಾತಾಡುವಾಗೆಲ್ಲ ಕೈ ರವಿಕೆಯ ಕಡೆ ಹೋಗುತ್ತಿತ್ತು. ಒಂದು ದಿನ ಅಲ್ಲಿ ಮಡಿಸಿದ ಕಾಗದದ ಅಂಚು ಕಂಡಿತು. ಕಳ್ಳಪತ್ರವೆಂದೇ ಮೇಡಂ ಲೆಕ್ಕ ಹಾಕಿ, ಕಾವಲಿನವಳಿಗೆ ಹೇಳಿಬಿಟ್ಟರು.

ಎಲ್ಲರೆದುರೇ ತಪಾಸಣೆಯಾಯಿತು. ಸಿಕ್ಕಿದ್ದು ಕೇಸಿನಲ್ಲಿ ಅವಳೇ ಕೊಟ್ಟಿದ್ದ ಹೇಳಿಕೆಯ ಜೆರಾಕ್ಸ್ ಪ್ರತಿ.

"ನನಗೇ ಕೊಟ್ಟಿದ್ರೆ ಓದಿ ಹೇಳ್ತಿದ್ದೆನಲ್ಲಮ್ಮ," ಎಂದರು ಮೇಡಂ, ಮುಖ ಎತ್ತಲಾಗದೆ.

"ಅವತ್ತೂ ಒಬ್ಬರು ಓದಿ ಹೇಳೇ ಹೆಬ್ಬೆಟ್ಟು ಒತ್ತಿಸ್ಕೊಂಡ್ರು."

ಮುಂದಿನ ಮೂರು ವಾರ ಒಬ್ಬರೂ ಬರಲಿಲ್ಲ. ಖಾಲಿ ಬೆಂಚುಗಳ ಎದುರು ಗಂಟೆ ಮುಗಿಯುವವರೆಗೆ ಕೂತು ಮೇಡಂ ಎದ್ದು ಬರುತ್ತಿದ್ದರು. ನಾಲ್ಕನೆಯ ವಾರ ಹೊಲಿಗೆಯವಳು ಬಂದು, ದೂರದಲ್ಲೇ ಕೂತು, ಕಾಗದದ ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು.

"ಬೇ...ಕೆಂ...ದೇ. ಬೇಕೆಂದೇ ಎರಚಿದೆ. ಇದನ್ನ ನಾನು ಹೇಳೇ ಇಲ್ಲ. ಅವನು ಕೈ ಹಿಡಿದು ಜಗ್ಗಿದ, ಪಾತ್ರೆ ಜಾರ್ತು. ಅಷ್ಟೇ ನಾನು ಹೇಳಿದ್ದು."

ಮೇಡಂ ಕನ್ನಡಕ ಸರಿಮಾಡಿಕೊಂಡರು. ಮಿಕ್ಕ ಸಾಲುಗಳೆಲ್ಲ ನೆಟ್ಟಗಿದ್ದವು. ಅದೊಂದು ಮಾತ್ರ ಇಕ್ಕಟ್ಟಾಗಿ, ಹೆಬ್ಬೆಟ್ಟಿನ ಗುರುತನ್ನು ತಪ್ಪಿಸಿಕೊಂಡು ಮೇಲಕ್ಕೆ ಬಾಗಿತ್ತು. ಮೊದಲು ಹೆಬ್ಬೆಟ್ಟು ಬಿದ್ದಿದೆ, ಆಮೇಲೆ ಸಾಲು ಸೇರಿದೆ! ಇಂಥ ಎಷ್ಟೋ ಪತ್ರಗಳನ್ನು ಅವರು ತಿರಸ್ಕರಿಸಿ ಕಳಿಸಿದ್ದರು.

ಮೇಲ್ಮನವಿಗಾಗಿ ಅವರೇ ಒಬ್ಬ ವಕೀಲರನ್ನು ಹಿಡಿದು, ತಾವು ಕಂಡದ್ದನ್ನು ಬರೆದುಕೊಟ್ಟರು. ಅರ್ಜಿಗೆ ಸಹಿ ಹಾಕುವ ಮುನ್ನ ಹೊಲಿಗೆಯವಳು ಮುಕ್ಕಾಲು ಗಂಟೆ ಅಕ್ಷರ ಅಕ್ಷರ ಕೂಡಿಸಿ ಓದಿದಳು. ಸಾಲದೆಂದು ಇನ್ನೊಬ್ಬಳ ಕೈಲೂ ಓದಿಸಿದಳು.

"ಬೇಜಾರು ಮಾಡ್ಕೋಬೇಡಿ, ಮೇಡಂ."

"ಇಲ್ಲಮ್ಮ. ಓದು, ಇನ್ನೊಂದ್ಸಲ ಓದು."

ಹತ್ತು ತಿಂಗಳಿಗೆ ಅವಳ ಬಿಡುಗಡೆಯಾಯಿತು. ಮರುವಾರ ಪಾಠ ಮುಗಿದ ಮೇಲೆ, ಅದುವರೆಗೆ ಬಾಯಿ ಬಿಡದಿದ್ದ ಒಬ್ಬ ಮುದುಕಿ ಎದ್ದು ಬಂದಳು. ಸೆರಗಿನೊಳಗಿಂದ ಒಂದು ಕಾಗದ ತೆಗೆದಳು.

"ನನ್ನದೂ ನೋಡ್ತೀರಾ? ಆದ್ರೆ ಕೈಗೆ ಕೊಡಲ್ಲ. ನಾನೇ ಹಿಡ್ಕೊಂಡಿರ್ತೀನಿ, ನೀವು ಬಗ್ಗಿ ನೋಡಿ."

ಮೇಡಂ ಬಗ್ಗಿದರು.