ಆದಪ್ಪನ ಪಾಲಿನ ರೊಟ್ಟಿ

ದಢೇಸುಗೂರಿನ ತಿಪ್ಪವ್ವ ಹಂಚಿನಿಂದ ಇಳಿಸಿದ ಮೊದಲ ಜೋಳದ ರೊಟ್ಟಿಯನ್ನು ಬುಟ್ಟಿಗೆ ಹಾಕುತ್ತಿರಲಿಲ್ಲ. ಅದನ್ನು ಗೋಡೆಯ ಗೂಡಿನಲ್ಲಿರುವ ಹಿತ್ತಾಳೆ ತಾಟಿನಲ್ಲಿಟ್ಟು ಅರಿವೆ ಮುಚ್ಚುತ್ತಿದ್ದಳು. ದೀಪ ಹಚ್ಚುವ ಹೊತ್ತಿಗೆ ಇವತ್ತೂ ಯಾರೂ ಬರಲಿಲ್ಲವೆಂದು ನೋಡಿಕೊಂಡು ಎಮ್ಮೆಗೆ ಹಾಕುತ್ತಿದ್ದಳು.

ಇದು ಅವಳ ತಾಯಿ ಯಮನಮ್ಮ ಹಾಕಿಕೊಟ್ಟ ರೂಢಿ. ಯಮನಮ್ಮನ ಅಣ್ಣ ಆದಪ್ಪ ನಿಜಾಮರ ಕಾಲದಲ್ಲಿ ಮುಕ್ಕುಂದದಿಂದ ಫೌಜಿಗೆ ಸೇರಿ, ಹಡಗು ಹತ್ತಿ, ಮಲಯಾ ಎಂಬ ದೇಶಕ್ಕೆ ಜಪಾನಿನವರ ಮೇಲೆ ಕಾದಲು ಹೋದ. ಹೊರಡುವ ದಿನ ಹದಿಮೂರು ವರ್ಷದ ತಂಗಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳಂತೆ. ಒಂದು ತೆಗೆದಿಡು, ಬಂದು ತಿನ್ನುತ್ತೇನೆ ಅಂದನಂತೆ. ಬರಲಿಲ್ಲ. ಸತ್ತನೆಂಬ ಕಾಗದವೂ ಬರಲಿಲ್ಲ. ಸಿಕ್ಕಿಲ್ಲ ಎಂಬ ಒಂದು ಕಾಗದ ಬಂದಿತ್ತು, ಅದೂ ಉರ್ದುವಿನಲ್ಲಿ.

ಹಾಗಾಗಿ ಮಾನವಮಿ ಅಮಾವಾಸ್ಯೆಗೆ ತೀರಿಕೊಂಡ ಹಿರಿಯರಿಗೆಲ್ಲ ಎಡೆ ಇಡುವಾಗ ಯಮನಮ್ಮ ಅಣ್ಣನಿಗೆ ಎಡೆ ಇಡಲಿಲ್ಲ. ಇದ್ದವನಿಗೆ ಎಡೆ ಇಟ್ಟರೆ ನಾವೇ ಕೊಂದ ಹಾಗೆ ಎನ್ನುತ್ತಿದ್ದಳು. ಆಕೆ ತೀರಿ ನಲವತ್ತೊಂದು ವರ್ಷ. ರೊಟ್ಟಿಯ ಜೊತೆಗೆ ಆ ಅನುಮಾನವೂ ತಿಪ್ಪವ್ವನ ಪಾಲಿಗೆ ಬಂತು. ಮಾವ ಇದ್ದರೆ ಈಗ ನೂರು ದಾಟಿರಬೇಕು ಎಂಬುದು ಅವಳಿಗೂ ಗೊತ್ತು. ಆದರೆ ಯಾರೂ ಕಣ್ಣಾರೆ ಕಂಡಿಲ್ಲ. ಕಾಣದ್ದನ್ನು ಆಯಿತು ಎನ್ನುವುದು ಅವಳ ಜಾಯಮಾನವಲ್ಲ.

ಮೂವತ್ತು ವರ್ಷ ಅವಳು ಭತ್ತ ನಾಟಿ ಮಾಡುವ ಹೆಣ್ಣಾಳುಗಳ ಗುಂಪಿಗೆ ಮುಂದಾಳಾಗಿದ್ದವಳು. ಓದು ಅಂದರೆ ಬಸ್ಸಿನ ಬೋರ್ಡು, ಬರಹ ಅಂದರೆ ತನ್ನ ಹೆಸರಿನ ಮೂರು ಅಕ್ಷರ. ಉಳಿದದ್ದೆಲ್ಲ ಸೆರಗಿನ ತುದಿಯ ಗಂಟಿನಲ್ಲಿ. ಯಾವ ಮಡಿ ಉಳಿಯಿತು, ಯಾರನ್ನು ಏನು ಕೇಳಬೇಕು, ಒಂದೊಂದಕ್ಕೆ ಒಂದೊಂದು ಗಂಟು. ಕೆಲಸ ಮುಗಿದರೆ, ಉತ್ತರ ಸಿಕ್ಕರೆ ಬಿಚ್ಚುವಳು. ಸುಮ್ಮನೆ ಬಿಚ್ಚಿದ್ದನ್ನು ಯಾರೂ ಕಂಡಿಲ್ಲ.

ಕಳೆದ ಬೇಸಿಗೆಯಲ್ಲಿ ಮುಕ್ಕುಂದದ ನರಸಣ್ಣ ಬಂದ. ಆದಪ್ಪನ ತಮ್ಮನ ಮಗ, ತಿಪ್ಪವ್ವನಿಗೆ ಸೋದರಮಾವನ ಮಗ, ಅವಳಿಗಿಂತ ಎರಡು ವರ್ಷ ಸಣ್ಣವನು. ಆ ಸಲಿಗೆಯಲ್ಲಿ ಎಪ್ಪತ್ತು ವರ್ಷದಿಂದ ಅವಳನ್ನು ಕಾಡಿಸುತ್ತ ಬಂದವನು.

"ಏನಬೇ ತಿಪ್ಪಿ, ನಿನ್ನ ಎಂಜಲಿಗೆ ಸರ್ಕಾರದಾಗ ಬೆಲಿ ಬಂದೈತಿ," ಅಂದ.

ಅವನು ಹೇಳಿದ್ದು ಇಷ್ಟು. ಮಲಯಾ ದೇಶದ ಒಂದು ರಬ್ಬರ್ ತೋಟದಲ್ಲಿ ಕಾಲುವೆ ತೋಡುವಾಗ ಮೂವರು ಸಿಪಾಯಿಗಳ ಎಲುಬು ಸಿಕ್ಕಿವೆ. ಆ ಜಾಗದಲ್ಲಿ ಕಾಣೆಯಾದವರ ಹಳೆಯ ಪಟ್ಟಿಯಲ್ಲಿ ಐದು ಹೆಸರಿವೆ, ಒಂದು ಆದಪ್ಪನದು. ಮನೆಯ ಗಂಡಸು ತಾನೇ ಎಂದು ನರಸಣ್ಣ ಮೊದಲೇ ಹೋಗಿ, ಎಲುಬಿನ ಜೊತೆ ಹೋಲಿಸಿ ನೋಡಲು ಬಾಯಿಯ ಎಂಜಲು ಕೊಟ್ಟು ಬಂದಿದ್ದ. ಅದು ಕೆಲಸಕ್ಕೆ ಬರಲಿಲ್ಲ. ಹಳೆಯ ಎಲುಬಿನಲ್ಲಿ ಉಳಿಯುವ ಗುರುತು ತಾಯಿಯಿಂದ ಮಕ್ಕಳಿಗೆ ಬರುವುದಂತೆ, ಮುಂದಕ್ಕೆ ಹೆಣ್ಣುಮಕ್ಕಳಿಂದ ಮಾತ್ರ ಇಳಿಯುವುದಂತೆ. ಆದಪ್ಪನ ತಂಗಿಯ ಮಗಳೇ ಬೇಕು. ತಿಂಗಳೊಪ್ಪತ್ತಿನಲ್ಲಿ ಯಾರೂ ಸಿಗದಿದ್ದರೆ ಮೂವರನ್ನೂ ಅಲ್ಲೇ ಹೆಸರಿಲ್ಲದೆ ಹೂಳುತ್ತಾರೆ.

ಗುರುತು ತಂದೆಯ ಕಡೆಯಿಂದ ಯಾಕೆ ಬರುವುದಿಲ್ಲ ಎಂದು ತಿಪ್ಪವ್ವ ಕೇಳಿದಳು. ನರಸಣ್ಣನಿಗೆ ಗೊತ್ತಿರಲಿಲ್ಲ. ಅವಳು ಸೆರಗಿಗೆ ಒಂದು ಗಂಟು ಹಾಕಿದಳು.

ಮರುದಿನ ಇಬ್ಬರೂ ಸಿಂಧನೂರಿಗೆ ಬಂದು, ಅಲ್ಲಿಂದ ಮಸ್ಕಿ ದಾಟಿ ಲಿಂಗಸುಗೂರಿಗೆ ಹೋದರು. ಎಂಜಲು ತೆಗೆದುಕೊಳ್ಳಲು ಬೆಂಗಳೂರಿನಿಂದ ಬಂದ ಸರ್ಕಾರದವರು ಪ್ರವಾಸಿ ಮಂದಿರದಲ್ಲಿ ಇಳಿದಿದ್ದರು. ಕಾಗದ ತುಂಬುವ ಹುಡುಗಿ ಅಂಜಲಿ, ಮೈಸೂರಿನ ಕಡೆಯವಳು. ತಿಪ್ಪವ್ವ ಮೊದಲು ತನ್ನ ಗಂಟಿನ ಪ್ರಶ್ನೆ ಕೇಳಿದಳು. ಆ ಗುರುತು ತಾಯಿಯ ತತ್ತಿಯೊಳಗೆ ಇರುತ್ತದೆ, ತಂದೆಯದು ಅಲ್ಲಿಗೆ ಮುಟ್ಟುವುದಿಲ್ಲ ಎಂದು ಹುಡುಗಿ ಕೋಳಿತತ್ತಿಯ ಚಿತ್ರ ಬರೆದು ತೋರಿಸಿದಳು. ತಿಪ್ಪವ್ವ ಚಿತ್ರವನ್ನು ಬಹಳ ಹೊತ್ತು ನೋಡಿ ಗಂಟು ಬಿಚ್ಚಿದಳು.

ಆಮೇಲೆ ಅಂಜಲಿ ಕೇಳಿದಳು. "ಅಜ್ಜಿ, ಯಮನಮ್ಮ ನಿಮ್ಮನ್ನ ಹೆತ್ತ ತಾಯೀನೇ ತಾನೆ?"

"ಹಂಗಂತ ಆಕಿ ಎಂದೂ ಹೇಳಿಲ್ಲವ್ವ. ನಾ ತಿಪ್ಪಿ ಮ್ಯಾಲ ಬಿದ್ದಿದ್ದೆ. ಬಳಿಗಾರ ಖಾಜಾಬಿ ನನ್ನ ಎತಿಗೊಂಡ್ಲು. ಆಕಿ ಕಡಿಂದ ನಮ್ಮವ್ವ ಒಂದು ಮೊರ ತೌಡು ಕೊಟ್ಟು ಕೊಂಡಕೊಂಡ್ಲು."

ಅಂಜಲಿಯ ಪೆನ್ನು ನಿಂತಿತು. ಅವಳ ಕಣ್ಣಲ್ಲಿ ನೀರೇ ಬಂತು. ಸಾಕುಮಗಳಿಂದ ಎಂಜಲು ತೆಗೆದುಕೊಳ್ಳುವ ಹಾಗಿಲ್ಲ, ಹೆತ್ತ ಮಗಳೇ ಆಗಬೇಕು ಎಂದು ಮೆತ್ತಗೆ ಹೇಳಿ ಕಾಗದದ ಮೇಲೆ ಗೀಟು ಹಾಕಿದಳು. ನಾಳೆ ಸಂಜೆ ನಾವು ಹೊರಡುತ್ತೇವೆ, ಯಮನಮ್ಮನೇ ನಿಮ್ಮನ್ನು ಹೆತ್ತದ್ದನ್ನು ಬಲ್ಲವರು ಯಾರಾದರೂ ಇದ್ದರೆ ಅಷ್ಟರೊಳಗೆ ಕರೆತನ್ನಿ ಅಂದಳು.

ಹೊರಗೆ ಬೇವಿನ ಗಿಡದ ಕೆಳಗೆ ನರಸಣ್ಣ ತಲೆ ಚಚ್ಚಿಕೊಂಡ. "ಹೂಂ ಅಂದಿದ್ರ ನಿನ್ನ ಬಾಯಾಗಿನ ಹಲ್ಲು ಉದುರತಿದ್ವೇನಬೇ? ಹೆಂಗೂ ಇರೋವು ಎರಡ. ಮಕ್ಕಳು ಉಳೀದವ್ರು ಮಾಡೋ ಶಾಸ್ತ್ರ ಅದು."

ಶಾಸ್ತ್ರ ಎಂಬುದು ತಿಪ್ಪವ್ವನಿಗೂ ಗೊತ್ತಿತ್ತು. ಹುಟ್ಟಿದ ಕೂಸುಗಳು ಉಳಿಯದ ಮನೆಯಲ್ಲಿ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಇಡುತ್ತಾರೆ. ಮಕ್ಕಳು ಬಾಳಿದ ಬೇರೊಬ್ಬಳು ಅದನ್ನು ಎತ್ತಿಕೊಳ್ಳುತ್ತಾಳೆ. ಹೆತ್ತವಳು ಅವಳಿಂದ ತೌಡಿಗೋ ನುಚ್ಚಿಗೋ ಕೊಂಡುಕೊಳ್ಳುತ್ತಾಳೆ. ಹಣೆಬರಹ ಬರೆಯುವ ಶೆಟಿವೆವ್ವನಿಗೆ ಇದು ಈ ಮನೆಯ ಕೂಸಲ್ಲ ಎಂದು ತಿಳಿಯಲಿ ಅಂತ. ಯಮನಮ್ಮನಿಗೆ ಮೂರು ಕೂಸು ಹೋಗಿದ್ದವು. ಹೆದರಿದ್ದ ಆಕೆ ಆ ನಟನೆಯನ್ನು ಕೊನೆತನಕ ಬಿಡಲಿಲ್ಲ. ಒಮ್ಮೆಯೂ ಮಗಳೇ ಎಂದು ಕರೆಯಲಿಲ್ಲ. ಜ್ವರ ಬಂದಾಗ ಹಣೆಗೆ ಒದ್ದೆ ಅರಿವೆ ಇಟ್ಟು ರಾತ್ರಿಯೆಲ್ಲ ಕೂತವಳು, ಬೆಳಗಾದ ಮೇಲೆ ಖಾಜಾಬಿಯ ಕೂಸು ಕಣ್ಣು ಬಿಟ್ಟಿತು ಎಂದಿದ್ದಳು. ಸಾಯುವಾಗಲೂ ಖಾಜಾಬಿಯ ಕೂಸಿಗೆ ಉಣ್ಣಲಿಕ್ಕೆ ಕೊಡಿರಿ ಅಂದಳು.

ಆದರೆ ನಿಜವಾಗಿ ಬಿಟ್ಟುಹೋದ ಕೂಸುಗಳೂ ಇದ್ದವು. ಅವು ಸಿಕ್ಕುತ್ತಿದ್ದದ್ದೂ ತಿಪ್ಪೆಯ ಮೇಲೆಯೇ. ತಾನು ಹುಟ್ಟಿದ್ದು ರಜಾಕಾರರ ಗದ್ದಲದ ವರ್ಷ. ಊರು ಬಿಟ್ಟು ಓಡಿದವರು ಎಷ್ಟೋ ಜನ. ನಾಲ್ಕನೆಯ ಕೂಸೂ ಹೋಗಿ, ಬೇರೆ ಕೂಸು ಬಂದಿದ್ದರೆ?

"ನೀ ಕಂಡೀಯೇನು?" ಎಂದು ನರಸಣ್ಣನನ್ನು ಕೇಳಿದಳು.

"ನಾ ಇನ್ನೂ ಹುಟ್ಟಿದ್ದಿಲ್ಲ."

"ಮತ್ತ ಸುಮ್ನಿರು."

ತಿರುಗಿ ಬರುವಾಗ ಅವಳು ಮಸ್ಕಿಯಲ್ಲಿ ಇಳಿದುಬಿಟ್ಟಳು. ಖಾಜಾಬಿಯ ಮಗಳು ಹುಸೇನಬಿ ಮಸ್ಕಿಗೆ ಮದುವೆಯಾಗಿ ಬಂದವಳು, ಎಂಬತ್ತು ದಾಟಿದವಳು. ಅವಳ ಮಗ ಶಾಕೀರ್ ಬಜಾರಿನಲ್ಲಿ ಬಳೆ ಅಂಗಡಿ ನಡೆಸುತ್ತಿದ್ದ. ಹುಸೇನಬಿಗೆ ಕಣ್ಣು ಮಂಜು. ತಿಪ್ಪವ್ವನ ಕೈ ಹಿಡಿದು ಮುಂಗೈ ಸವರಿ, ಬಳೆಯ ಅಳತೆಯಿಂದಲೇ ಯಾರೆಂದು ಹೇಳಿದಳು. ಖಾಜಾಬಿ ಇರುವ ತನಕ ವರ್ಷಕ್ಕೊಮ್ಮೆ ಈ ಕೈಗೆ ಹಸಿರು ಬಳೆ ತೊಡಿಸುತ್ತಿದ್ದಳು, ತವರಿನ ಬಳೆ ಎಂದು.

ತಿಪ್ಪವ್ವನ ಸೆರಗಿನಲ್ಲಿ ಮೂರು ಗಂಟಿದ್ದವು. ನನ್ನನ್ನು ತಿಪ್ಪೆಯ ಮೇಲೆ ಇಟ್ಟವರು ಯಾರು ಎಂಬುದು ಮೊದಲನೆಯದು. ನಿಮ್ಮಜ್ಜಿ, ಹೊಸ ಮೊರದಲ್ಲಿ ಇಟ್ಟು ಹಿಂದೆ ತಿರುಗಿ ನೋಡದೆ ಹೋದಳು ಎಂದಳು ಹುಸೇನಬಿ. ಆ ಗಂಟು ಬಿಚ್ಚಿತು. ನಮ್ಮವ್ವ ಹಡೆದದ್ದನ್ನು ನೀನು ಕಂಡೆಯಾ ಎಂಬುದು ಎರಡನೆಯದು. ಹುಸೇನಬಿ ಆಗ ಏಳು ವರ್ಷದವಳು. ಕೂಗು ಕೇಳಿ ಓಡಿ ಬಂದು ಬಾಗಿಲಲ್ಲಿ ನಿಂತಿದ್ದಳು. ಸೂಲಗಿತ್ತಿ ಹೆಣ್ಣುಕೂಸನ್ನು ಎತ್ತಿ ಹಿಡಿದಿದ್ದನ್ನು ಕಂಡಿದ್ದಳು. ಅದೂ ಬಿಚ್ಚಿತು.

ಮೂರನೆಯದನ್ನು ತಿಪ್ಪವ್ವ ಬೆರಳಲ್ಲಿ ಹಿಡಿದುಕೊಂಡೇ ಕೇಳಿದಳು. "ಅವತ್ತು ಹುಟ್ಟಿದ ಕೂಸು, ಐದನೇ ದಿನ ತಿಪ್ಪಿ ಮ್ಯಾಲ ಇಟ್ಟ ಕೂಸು, ಎರಡೂ ಒಂದ ಏನು?"

ಹುಸೇನಬಿ ಅವಳ ಕೈ ಬಿಡದೆ ಹೇಳಿದಳು. "ಸುಳ್ಳ್ಯಾಕ ಹೇಳ್ಲೆವ್ವ. ನಡುವಿನ ದಿನ ನನಗ ಒಳಗ ಬಿಡಲಿಲ್ಲ. ಕೂಸಂದ್ರ ಎಲ್ಲಾ ಒಂದ ನಮೂನಿ ಇರ್ತಾವ. ಆದ್ರ ತೌಡು ಕೊಡುವಾಗ ನಿಮ್ಮವ್ವನ ಕುಬಸ ಹಾಲಿಗೆ ತೊಯ್ದಿತ್ತು. ಅದು ನಂಗ ನೆಪ್ಪೈತಿ."

ತಿಪ್ಪವ್ವ ಯೋಚಿಸಿದಳು. ಹಾಲು ಯಾವ ಕೂಸು ಅತ್ತರೂ ಇಳಿಯುತ್ತದೆ. ಗಂಟನ್ನು ಹಾಗೆಯೇ ಬಿಟ್ಟಳು.

ಮರುದಿನ ಶಾಕೀರ್ ಅಂಗಡಿ ಮುಚ್ಚಿ ತಾಯಿಯನ್ನೂ ತಿಪ್ಪವ್ವನನ್ನೂ ಲಿಂಗಸುಗೂರಿಗೆ ಕರೆದುಕೊಂಡು ಹೋದ. ಹುಸೇನಬಿ ತಾನು ಕಂಡದ್ದನ್ನೆಲ್ಲ ಹೇಳಿದಳು. ಹೇಳಿ ಮುಗಿಯುವ ಮೊದಲೇ ಅಂಜಲಿ ಬಾಯಿಗೆ ಕೈ ಇಟ್ಟುಕೊಂಡು ನಕ್ಕಳು. ನಮ್ಮ ಅಜ್ಜಿಯ ಹೆಸರು ಗುಂಡಮ್ಮ, ಅವರನ್ನೂ ಗುಂಡಿಯಲ್ಲಿ ಇಟ್ಟು ಎತ್ತಿದ್ದರಂತೆ, ನನಗೆ ಹೊಳೆಯಲೇ ಇಲ್ಲ ಎಂದು ಹಳೆಯ ಕಾಗದ ಹರಿದು ಹೊಸದು ತುಂಬಿದಳು. ತಿಪ್ಪವ್ವ ಮಾತ್ರ ಮೂರನೆಯ ಗಂಟನ್ನು ಮುಚ್ಚಿಡಲಿಲ್ಲ. ಅದನ್ನೂ ಬರೆದುಕೋ ಅಂದಳು. ಅಂಜಲಿ ದೊಡ್ಡ ಸಾಹೇಬರನ್ನು ಕೇಳಿ ಬಂದಳು.

ಸಾಹೇಬರು ಹೊರಗೆ ಬಂದು ತಾವೇ ಹೇಳಿದರು. ಎಂಜಲಿನ ಗುರುತೂ ಎಲುಬಿನ ಗುರುತೂ ಕೂಡಿದರೆ ಎರಡು ಸಂಗತಿಯೂ ಇತ್ಯರ್ಥವಾಗುತ್ತವೆ. ಆ ಎಲುಬು ಆದಪ್ಪನದು, ನೀವು ಅವನ ತಂಗಿ ಹೆತ್ತ ಮಗಳು. ಕೂಡದಿದ್ದರೆ ಏನೂ ತಿಳಿಯುವುದಿಲ್ಲ. ಅವು ಬೇರೆಯವರ ಎಲುಬೂ ಇರಬಹುದು, ನೀವು ಬೇರೆಯವರ ಮಗಳೂ ಇರಬಹುದು. ಆದರೂ ಕೊಡುತ್ತೀರಾ?

ಕೊಡದಿದ್ದರೆ ಅವಳು ಇದ್ದ ಹಾಗೆಯೇ ಯಮನಮ್ಮನ ಮಗಳಾಗಿ ಸಾಯಬಹುದಿತ್ತು. ತಿಪ್ಪವ್ವ ಸೆರಗಿನ ಗಂಟನ್ನು ಮುಟ್ಟಿ ನೋಡಿದಳು. ಆಮೇಲೆ, ರೊಟ್ಟಿ ತಿಂದು ಬಂದಿದ್ದೇನೆ, ಬಾಯಿ ಮುಕ್ಕಳಿಸಬೇಕೇನು ಎಂದು ಕೇಳಿದಳು. ಮುಕ್ಕಳಿಸಿ ಬಂದು ಬಾಯಿ ತೆರೆದಳು. ಹತ್ತಿ ಸುತ್ತಿದ ಕಡ್ಡಿಯನ್ನು ಅಂಜಲಿ ಎರಡೂ ಕೆನ್ನೆಯ ಒಳಗೆ ತಿಕ್ಕಿ ಕೊಳವೆಯಲ್ಲಿಟ್ಟು ಮುಚ್ಚಿದಳು. ಇಷ್ಟೇ ಏನು ಎಂದು ತಿಪ್ಪವ್ವನಿಗೆ ಆಶ್ಚರ್ಯವಾಯಿತು.

ಐದು ತಿಂಗಳು ಹೋಯಿತು. ಕಾಲುವೆಗೆ ನೀರು ಬಂತು, ನಾಟಿ ಮುಗಿಯಿತು. ದಿನಾ ಸೀರೆ ಬದಲಿಸಿದಾಗ ತಿಪ್ಪವ್ವ ಹಳೆಯ ಸೆರಗಿನ ಗಂಟು ಬಿಚ್ಚುವ ಮೊದಲೇ ಹೊಸ ಸೆರಗಿಗೆ ಹಾಕಿಕೊಳ್ಳುತ್ತಿದ್ದಳು. ಗೂಡಿನಲ್ಲಿ ರೊಟ್ಟಿ ಇಡುವುದೂ ನಡೆದೇ ಇತ್ತು. ಆದರೆ ಈಗ ಇಡುವಾಗ ಒಮ್ಮೊಮ್ಮೆ ಕೈ ತಡೆಯುತ್ತಿತ್ತು. ಈ ರೊಟ್ಟಿ ಇಡುವ ಹಕ್ಕು ತನಗಿದೆಯೋ ಇಲ್ಲವೋ.

ಅಮಾವಾಸ್ಯೆ ಒಂಬತ್ತು ದಿನ ಇದೆ ಎನ್ನುವಾಗ ನರಸಣ್ಣ ಬಂದ. ಬಂದವನೇ ಮೊಬೈಲನ್ನು ಅವಳ ಕಿವಿಗೆ ಹಿಡಿದ. ಆ ಕಡೆ ಅಂಜಲಿ ಇದ್ದಳು.

"ಅಜ್ಜಿ, ಎರಡನೇ ಪೆಟ್ಟಿಗೇಲಿ ಇರೋರು ನಿಮ್ಮ ಮಾವ."

"ಖಾತ್ರಿ ಏನವ್ವ?"

"ಖಾತ್ರಿ ಅಜ್ಜಿ. ಎರಡು ಸಲ ನೋಡಿದಾರೆ."

ತಿಪ್ಪವ್ವ ಮೊಬೈಲು ತಿರುಗಿ ಕೊಟ್ಟು ಸೆರಗು ಹಿಡಿದಳು. ದಿನದಿನವೂ ಬಿಗಿಯಾಗಿ ಹಾಕುತ್ತ ಬಂದ ಗಂಟು ಉಗುರಿಗೆ ಬರಲಿಲ್ಲ. ನರಸಣ್ಣ ಬಿಚ್ಚಲು ಕೈ ಚಾಚಿದ. ಅವಳು ಅವನ ಕೈಗೆ ಹೊಡೆದು, ಇದ್ದ ಎರಡು ಹಲ್ಲಿನಿಂದ ತಾನೇ ಬಿಚ್ಚಿದಳು.

ಪೆಟ್ಟಿಗೆ ಅಮಾವಾಸ್ಯೆಗೆ ಎರಡು ದಿನ ಮೊದಲು ಸಿಂಧನೂರಿಗೆ ಬಂತು. ಅಕ್ಕಿ ಅಳೆಯುವ ಡಬ್ಬಿಗಿಂತ ದೊಡ್ಡದಲ್ಲ. ಸಹಿ ಹಾಕಿಸಿಕೊಳ್ಳುವವನು ಸತ್ತವನಿಗೆ ನೀವೇನಾಗಬೇಕು ಎಂದು ಕೇಳಿದ. ನರಸಣ್ಣ ಬಾಯಿ ತೆರೆಯುವಷ್ಟರಲ್ಲಿ ತಿಪ್ಪವ್ವ ಹೇಳಿದಳು.

"ತಂಗಿ ಮಗಳು. ಯಮನಮ್ಮ ಹಡೆದ ಮಗಳು."

ಎಪ್ಪತ್ತೇಳು ವರ್ಷಕ್ಕೆ ಆ ಮಾತು ಮೊದಲ ಸಲ ಅವಳ ಬಾಯಿಂದ ಬಂತು. ಹೇಳಿದ ಮೇಲೆ ಅವಳು ಸುತ್ತ ನೋಡಿದಳು, ಯಾರಾದರೂ ಕೇಳಿಸಿಕೊಂಡರೇನೋ ಎಂಬಂತೆ. ಆಮೇಲೆ ಮೂರು ಅಕ್ಷರ ಬರೆದಳು.

ಆದಪ್ಪನನ್ನು ಮುಕ್ಕುಂದದ ಹೊಲದಲ್ಲಿ ಅವನ ತಂದೆತಾಯಿಯ ಪಕ್ಕದಲ್ಲಿ ಮಣ್ಣು ಮಾಡಿದರು. ಮಸ್ಕಿಯಿಂದ ಹುಸೇನಬಿಯೂ ಬಂದು ಒಂದು ಹಿಡಿ ಮಣ್ಣು ಹಾಕಿದಳು. ಅಮಾವಾಸ್ಯೆಯ ದಿನ ತಿಪ್ಪವ್ವ ಗೂಡಿನ ಹಿತ್ತಾಳೆ ತಾಟನ್ನು ಹುಣಸೆಹಣ್ಣು ಹಚ್ಚಿ ತೊಳೆದು, ಹಿರಿಯರ ಸಾಲಿನಲ್ಲಿ ತಾಯಿಯ ಎಡೆಯ ಪಕ್ಕದಲ್ಲಿ ಇಟ್ಟಳು. ಮೊದಲ ರೊಟ್ಟಿಯನ್ನು ಬಿಸಿ ಇರುವಾಗಲೇ ಬಡಿಸಿದಳು. ಪೂಜೆಯಾದ ಮೇಲೆ ತಾಟನ್ನು ತಾಯಿಯ ಪಾತ್ರೆಗಳ ಜೊತೆ ಅಟ್ಟಕ್ಕೆ ಏರಿಸಿದಳು.

ಮಾರನೆಯ ಬೆಳಿಗ್ಗೆ ಮೊದಲ ರೊಟ್ಟಿ ಇಳಿಸಿದಾಗ ಕೈ ತಾನಾಗಿ ಗೂಡಿನ ಕಡೆ ಹೋಯಿತು. ಗೂಡಿನಲ್ಲಿ ತಾಟಿರಲಿಲ್ಲ. ರೊಟ್ಟಿ ಸುಡುತ್ತಿತ್ತು. ಅವಳು ಈ ಕೈಯಿಂದ ಆ ಕೈಗೆ ಬದಲಿಸುತ್ತ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಒಲೆಯ ಮುಂದೆ ಕುಕ್ಕರಿಸಿ, ಒಂದು ತುಂಡು ಮುರಿದು, ಗಾಳಿ ಊದಿ, ಬಾಯಿಗೆ ಹಾಕಿಕೊಂಡಳು.