ಸೋಮವಾರ ಬಿಟ್ಟು ಓದಿದ ಪುಟ

ಕೂಡ್ಲಿಗಿಯ ಮನೆಯಲ್ಲಿ ಕೂತು ನಾನು ಒಂದು ಆರೋಗ್ಯದ ವೆಬ್‌ಸೈಟಿಗೆ ಕನ್ನಡದಲ್ಲಿ ಬರೆಯುತ್ತೇನೆ. ಬರೆದದ್ದು ಓದುವವರಿಗೆ ಎಷ್ಟು ಸುಲಭ ಎಂದು ಅಳೆಯಲು ಅವರದೊಂದು ಸಾಫ್ಟ್‌ವೇರ್ ಇದೆ. ಪದ, ವಾಕ್ಯ ಗಿಡ್ಡವಿದ್ದರೆ ಹಸಿರು ಬಣ್ಣ, ಉದ್ದವಾದರೆ ಹಳದಿ. ನನಗಂತೂ ಆ ಬಣ್ಣಗಳ ಮೇಲೆ ನಂಬಿಕೆಯಿಲ್ಲ.

ಜನರನ್ನೇ ಕೇಳೋಣವೆಂದರೆ ಅದು ಇನ್ನೊಂದು ಪೀಕಲಾಟ. ನಮ್ಮ ಕಡೆಯವರು ಮರ್ಯಾದಸ್ಥರು. "ತಿಳೀತೇನ್ರಿ?" ಎಂದರೆ ಅರ್ಧ ಓದಿದವರೂ "ಭಾಳ ಚಲೋ ಬರದೀರಿ ಬಿಡ್ರಿ" ಎಂದು ಚಹಾ ತರಿಸುತ್ತಾರೆ. ಅದಕ್ಕೆ ನಾನು ಕೇಳುವುದನ್ನೇ ಬಿಟ್ಟಿದ್ದೇನೆ. ಓದಿ ಮುಗಿಸಿದವರಿಗೆ, ಅದನ್ನು ಫೋನಿನಲ್ಲಿ ತಮ್ಮವರಲ್ಲಿ ಯಾರಿಗಾದರೂ ತಿಳಿಸಲು ಹೇಳಿ, ಪಕ್ಕದಲ್ಲಿ ಸುಮ್ಮನೆ ಕೂರುತ್ತೇನೆ.

ಹೋದ ವರ್ಷ ಹಂಪಸಾಗರದಲ್ಲಿರುವ ನನ್ನ ಅಣ್ಣನ ಹೆಂಡತಿಗೆ ವೈದ್ಯರು ಸಕ್ಕರೆ ಕಾಯಿಲೆಗೆ ದಿನಾ ಬೆಳಿಗ್ಗೆ ಇನ್ಸುಲಿನ್ ಸೂಜಿ ಬರೆದುಕೊಟ್ಟರು. ನಾನೂ ಆಗ ಅದೇ ವಿಷಯದ ಪುಟ ಬರೆಯುತ್ತಿದ್ದೆ. ಆ ಸೂಜಿ ತೆಗೆದುಕೊಂಡು ಉಣ್ಣದಿದ್ದರೆ ಸಕ್ಕರೆ ಇಳಿದು ಜೀವಕ್ಕೇ ಸಂಚಕಾರ. "ಊಟ ತಪ್ಪಿಸಬೇಡಿ" ಎಂದು ದಪ್ಪಕ್ಷರದಲ್ಲಿ ಹಾಕಿದ್ದೆ. ಪುಟವೆಲ್ಲ ಹಸಿರೋ ಹಸಿರು.

ಹಂಪಸಾಗರಕ್ಕೆ ಹೋಗಿ ಆ ಪುಟವನ್ನು ಅವಳ ಕೈಗೇ ಕೊಟ್ಟೆ. ಅತ್ತಿಗೆ ಅದನ್ನು ನಿಧಾನವಾಗಿ ಓದಿ, ಹಿರೇಹಡಗಲಿಯಲ್ಲಿರುವ ತನ್ನ ತಂಗಿಗೆ ಫೋನು ಹಚ್ಚಿದಳು. "ಸೂಜಿ ತಗಂಡ ಮ್ಯಾಲ ಊಟ ತಪ್ಪಸಬಾರದಂತ. ನನಗೇನು ತ್ರಾಸಿಲ್ಲ ಬಿಡು, ಸೋಮವಾರ ಬಿಟ್ರ ದಿನಾ ಉಣ್ತೀನಲ್ಲ."

ಹಿಂದೊಮ್ಮೆ ಅಣ್ಣ ಕಾಮಾಲೆಯಾಗಿ ಇಂದೋ ನಾಳೆಯೋ ಎನ್ನುವಂತಿದ್ದಾಗ ಅವಳು ಶಿವನಿಗೆ ಹರಕೆ ಹೊತ್ತಿದ್ದಳು. ಅಂದಿನಿಂದ ಸೋಮವಾರ ದೀಪ ಹಚ್ಚುವ ತನಕ ಬಾಯಿಗೆ ಏನೂ ಹಾಕುವುದಿಲ್ಲ. ನಾನು ಬರೆದ ಒಂದೊಂದು ಪದವೂ ಅವಳಿಗೆ ತಿಳಿದಿತ್ತು. ಆದರೆ ದೇವರಿಗೆ ಬಿಟ್ಟ ದಿನಕ್ಕೂ ಆ ಮಾತು ಸೇರುತ್ತದೆ ಎಂದು ಅವಳಿಗೆ ಹೊಳೆದಿರಲೇ ಇಲ್ಲ.

ಅಲ್ಲೇ ಕೂತು ತಿದ್ದಿದೆ: "ಉಪವಾಸದ ದಿನವೂ ಸೂಜಿ ತೆಗೆದುಕೊಂಡ ಮೇಲೆ ಊಟ ಮಾಡಲೇಬೇಕು. ಉಪವಾಸ ಹಿಡಿಯುವವರು ಮೊದಲೇ ವೈದ್ಯರನ್ನು ಕೇಳಿ." ವಾಕ್ಯ ಉದ್ದವಾಯಿತೆಂದು ಸಾಫ್ಟ್‌ವೇರ್ ಹಳದಿ ತೋರಿಸಿತು. ತೋರಿಸಲಿ, ಅದರಪ್ಪನ ಮನೆ ಗಂಟೇನು ಹೋಯಿತು?

ಓದುತ್ತಿದ್ದ ಅತ್ತಿಗೆಯ ಮುಖ ಸಣ್ಣದಾಯಿತು.

"ನನ್ನ ನೋಡೇ ಬರದಿ, ಹೌದಿಲ್ಲೋ?"

"ಹೌದು ಅತ್ತಿಗಿ. ಡಾಕ್ಟರ್‌ನ ಕೇಳಾಣು ಬಾ."

ಫೋನು ಹಚ್ಚಿ ಕೇಳಿದೆವು. ಈಗಿನ ಸ್ಥಿತಿಯಲ್ಲಿ ಉಪವಾಸ ಬೇಡವೇ ಬೇಡ ಎಂದರು ಅವರು. ಫೋನು ಇಟ್ಟ ಮೇಲೆ ಅವಳು ನನ್ನ ಮೇಲೆ ಹರಿಹಾಯ್ದಳು.

"ನಾ ಉಂಡು, ನಿಮ್ಮಣ್ಣಗ ಏನಾರ ಆದ್ರ? ಅದಕ್ಕ ಏನ್ ಮಾಡ್ಬೇಕಂತ ಅದನ್ನೂ ಬರಿ."

ಅವಳ ಮೇಲೆ ಸಿಟ್ಟೂ ಬಂತು, ಅಳುವೂ ಬಂತು. ನನ್ನ ಅಣ್ಣನಿಗಾಗಿ ಇಷ್ಟು ದಿನ ಹಸಿದವಳು ಅವಳು, ನಾನಲ್ಲ.

ಮುಂದಿನ ಸೋಮವಾರ ನಾನು ಅಲ್ಲೇ ಇದ್ದೆ. ಅವಳು ಸೂಜಿ ತೆಗೆದುಕೊಂಡಳು. ತಟ್ಟೆಗೆ ರೊಟ್ಟಿ ಹಾಕಿಕೊಂಡು, ಮುರಿದ ತುಂಡನ್ನು ಕೈಯಲ್ಲೇ ಹಿಡಿದು, ಹೊರಗೆ ಕಟ್ಟೆಯ ಮೇಲಿದ್ದ ಅಣ್ಣನನ್ನು ಕೂಗಿದಳು.

"ಅದೀರೇನ್ರಿ?"

"ಅದೀನಿ," ಎಂದ ಅವನು.

ಆಮೇಲೆ ತುತ್ತು ಬಾಯಿಗಿಟ್ಟಳು.