ಶೇಂಗಾ ಹೋಳಿಗೆಯೊಳಗೆ ಮಾರ್ಷ್‌ಮೆಲ್ಲೋ

ಆಗ ನಾನು ಕೆಲಸ ಮಾಡುತ್ತಿದ್ದ ಬ್ಯಾಂಕು ವಿಜಯವಾಡದ ಗವರ್ನರ್‌ಪೇಟೆಯಲ್ಲಿತ್ತು. ಮನೆ ವಿಶಾಖಪಟ್ಟಣದ ಮಧುರವಾಡದಲ್ಲಿ. ಗಂಡನ ಕೆಲಸ, ಮಗಳ ಶಾಲೆ ಎರಡೂ ಅಲ್ಲೇ ಇದ್ದುದರಿಂದ ವರ್ಗವಾದಾಗ ನಾನೊಬ್ಬಳೇ ಹೊರಟಿದ್ದೆ. ಮನೆ ನೋಡಿಕೊಳ್ಳಲು ಹಾವೇರಿಯಿಂದ ಅತ್ತೆ ಬಂದಿದ್ದರು. ಒಂಬತ್ತು ವರ್ಷದ ಮಗಳು ಬಾಯಿ ತೆರೆದರೆ ತೆಲುಗು, ಅತ್ತೆಗೆ ಅದರ ಗಂಧವೇ ಇಲ್ಲ. ಇಬ್ಬರ ನಡುವಿನ ಮಾತು ಊಟ, ಸ್ನಾನ ದಾಟಿ ಮುಂದೆ ಹೋಗಿರಲಿಲ್ಲ.

ಒಂದು ಗುರುವಾರ ಮಗಳ ಫೋನು ಬಂತು. ಗೆಳತಿಯ ಹುಟ್ಟುಹಬ್ಬಕ್ಕೆ ಟೆರೇಸಿನಲ್ಲಿ ಬೆಂಕಿ ಹಾಕಿ ಮಾರ್ಷ್‌ಮೆಲ್ಲೋ ಎಂಬ ಮೆತ್ತನೆಯ ಸಕ್ಕರೆ ಮಿಠಾಯಿ ಸುಟ್ಟು ಹಂಚಿದ್ದರಂತೆ. ಇವಳ ಸರದಿ ಬರುವಷ್ಟರಲ್ಲಿ ಖಾಲಿ. "ಅಮ್ಮಾ, ನೀನು ಬರುವಾಗ ತರ್ತೀಯಾ?"

ಮರುದಿನ ಬ್ಯಾಂಕಿನಿಂದ ಸೀದಾ ಕೇಕಿನ ಸಾಮಾನು ಮಾರುವ ಅಂಗಡಿಗೆ ಹೋದೆ. ನಮ್ಮದು ಸಸ್ಯಾಹಾರಿ ಮನೆ; ಕೆಲವು ಮಾರ್ಷ್‌ಮೆಲ್ಲೋಗಳಲ್ಲಿ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಾಟಿನ್ ಇರುತ್ತದೆಂದು ಗೊತ್ತಿತ್ತು. ಅಂಗಡಿಯವರು ಹುಡುಕಿ ಹುಡುಕಿ ಹಸಿರು ಚುಕ್ಕೆಯ ಪೊಟ್ಟಣ ತೆಗೆದುಕೊಟ್ಟರು. ರೈಲಿನಲ್ಲಿ ಅದು ಜಜ್ಜಿಹೋಗದಿರಲೆಂದು ತೊಡೆಯ ಮೇಲೇ ಇಟ್ಟುಕೊಂಡು ಬಂದೆ.

ಶನಿವಾರ ಬೆಳಿಗ್ಗೆ ಅತ್ತೆ ಒಂದನ್ನು ಒತ್ತಿ ನೋಡಿದರು. "ಏನವಾ ಇದು, ಹತ್ತಿ ಉಂಡಿ ಇದ್ದಂಗ ಐತಿ?"

"ಅಜ್ಜಿ, ಇದನ್ನ ಕಾಲ್ಚಿ ತಿನಾಲಿ," ಎಂದಳು ಮಗಳು.

"ಏನಂತಾಳ?"

"ಸುಟ್ಟು ತಿನ್ನಬೇಕಂತೆ, ಅತ್ತಿ."

ಬೆಂಕಿ ಹಾಕಲು ಫ್ಲ್ಯಾಟಿನಲ್ಲಿ ಜಾಗವೆಲ್ಲಿ? ಗ್ಯಾಸ್ ಹಚ್ಚಿ, ಉದ್ದದ ಫೋರ್ಕಿಗೆ ಒಂದನ್ನು ಚುಚ್ಚಿ ಉರಿಗೆ ಹಿಡಿದೆ. ಭಗ್ಗನೆ ಹೊತ್ತಿಕೊಂಡಿತು. ಊದಿ ಆರಿಸಿದಾಗ ಉಳಿದದ್ದು ಕರಿಮುದ್ದೆ. ಎರಡನೆಯದು ಕರಗಿ ಬರ್ನರಿನ ಮೇಲೆ ಬಿತ್ತು. ಮಗಳ ಕಣ್ಣು ತುಂಬಿತು.

ಅತ್ತೆ ಸೆರಗು ಸಿಕ್ಕಿಸಿಕೊಂಡು ನನ್ನ ಕೈಯಿಂದ ಫೋರ್ಕ್ ಇಸಿದುಕೊಂಡರು. ಹಿಡಿಗೆ ಬಟ್ಟೆ ಸುತ್ತಿ, ಉರಿ ಸಣ್ಣ ಮಾಡಿದರು. "ಉರಿಗೆ ಮುಟ್ಟಸಬಾರ್ದು. ಝಳಕ್ಕ ಹಿಡದು ತಿರಗಸ್ಬೇಕು, ಹಪ್ಪಳ ಸುಟ್ಟಂಗ."

ಮೂವರೂ ಬಗ್ಗಿ ನೋಡುತ್ತಿದ್ದೆವು. ಬಿಳಿ ಉಂಡೆ ಮೆಲ್ಲಗೆ ಉಬ್ಬಿತು, ಅಂಚಿನಲ್ಲಿ ಹೊಂಬಣ್ಣಕ್ಕೆ ತಿರುಗಿತು, ಸಕ್ಕರೆ ಕಂದುವ ಘಮ ಅಡುಗೆಮನೆಯನ್ನೆಲ್ಲ ತುಂಬಿತು. ಅತ್ತೆಗೆ ಏನು ಹೊಳೆಯಿತೋ, ಹಿಂದಿನ ದಿನ ಮಾಡಿಟ್ಟಿದ್ದ ಶೇಂಗಾ ಹೋಳಿಗೆ ತೆಗೆದು ಎರಡು ತುಂಡು ಮಾಡಿ, ನಡುವೆ ಅದನ್ನಿಟ್ಟು ಅದುಮಿ ಮಗಳಿಗೆ ಕೊಟ್ಟರು. ಅವಳು ಕಚ್ಚಿದಳು. ತುಟಿಯಿಂದ ಹೋಳಿಗೆಯವರೆಗೆ ಬಿಳಿ ಎಳೆ ಉದ್ದಕ್ಕೆ ಜಗ್ಗಿತು. ನಗು ತಡೆಯಲಾರದೆ ಕೆಳಗೇ ಕೂತುಬಿಟ್ಟಳು.

ಆಮೇಲೆ ನಮ್ಮನ್ನು ಹಿಡಿಯುವವರೇ ಇರಲಿಲ್ಲ. ಬಿಸಿ ಬಾದಾಮಿ ಹಾಲಿನ ಮೇಲೆ ಒಂದು ತೇಲಿಸಿದೆವು. ಸುಟ್ಟ ಬಾಳೆಹಣ್ಣಿನ ಮೇಲೆ ಒಂದು. ಮಗಳು ಏಲಕ್ಕಿ ಪುಡಿ ಉದುರಿಸಿದಳು. ಅತ್ತೆ ಖಾರದ ಚಟ್ನಿಪುಡಿಗೆ ಅದ್ದಿ ತಿಂದು, "ಹಿಂಗ ಚಲೋ ಆಗತೈತಿ," ಎಂದಾಗ ನಾವಿಬ್ಬರೂ ನಂಬಲಿಲ್ಲ. ತಿಂದ ಮೇಲೆ ನಂಬಿದೆವು.

ಮಧ್ಯಾಹ್ನ ಗಂಡ ಬರುವಷ್ಟರಲ್ಲಿ ಪೊಟ್ಟಣದ ತಳದಲ್ಲಿ ನಾಲ್ಕೇ ಉಳಿದಿದ್ದವು. ಅಡುಗೆಮನೆಯಲ್ಲಿ ಮಗಳು ಸ್ಟೂಲಿನ ಮೇಲೆ ನಿಂತು ಫೋರ್ಕ್ ತಿರುಗಿಸುತ್ತಿದ್ದಳು. ಬೆನ್ನಿಗೆ ಅತ್ತೆ.

"ಅಜ್ಜಿ, ಝಳ ಸಾಕಾ?"

"ಇನ್ನಷ್ಟ ಮ್ಯಾಲ ಹಿಡಿ, ಅವಸರ ಮಾಡಬ್ಯಾಡ."

ಅಜ್ಜಿ ಸಣ್ಣವರಿದ್ದಾಗ ಒಲೆಯಲ್ಲಿ ಏನೇನು ಸುಡುತ್ತಿದ್ದರೆಂದು ಮಗಳು ಕೇಳತೊಡಗಿದಳು, ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ. ಅತ್ತೆ ಹಸಿ ಜೋಳದ ಸಿಹಿತೆನೆಯಿಂದ ಶುರುಮಾಡಿದರು. ಗಂಡ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತೇ ಇದ್ದರು. ಅವರ ಕಡೆ ಯಾರೂ ತಿರುಗಿ ನೋಡಲಿಲ್ಲ.